ಡೇವಿಸ್ ಸಾಹೇಬರನ್ನು 20 ನಿಮಿಷದಲ್ಲಿ ಹೇಳುವುದು ಹೇಗೆ

ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ತಿಂಗಳಿಗೊಂದು ಭಾನುವಾರ ಹೆಂಗಸರೆಲ್ಲ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಒಬ್ಬರು 20 ನಿಮಿಷ ಮಾತಾಡಬೇಕು. ಹೊರದೇಶದ ಯಾರಾದರೊಬ್ಬರ ಜೀವನ ಹೇಳಬೇಕು ಅಂತ ಕರಾರು. ಆಮೇಲೆ ಒಗ್ಗರಣೆ ಅವಲಕ್ಕಿ, ಕಷಾಯ. ಅರ್ಧ ಜನ ಬರುವುದು ಅವಲಕ್ಕಿಗೇ ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನನ್ನ ಸರದಿ ಬಂದಾಗ ಡೇವಿಡ್ ಡೇವಿಸ್ ಅನ್ನುವವರನ್ನು ಆರಿಸಿಕೊಂಡೆ. ಅಮೆರಿಕದ ವಕೀಲರು, ರಾಜಕಾರಣಿ, ಜಡ್ಜು. ಹುಟ್ಟಿದ್ದು 1815, ತೀರಿಕೊಂಡದ್ದು 1886. ನಾನು ಸಾಗರ, ಹೊಸನಗರ, ತೀರ್ಥಹಳ್ಳಿ, ಕೊನೆಗೆ ಶಿವಮೊಗ್ಗ ಅಂತ 34 ವರ್ಷ ಕೋರ್ಟುಗಳಲ್ಲಿ ಬೆರಳಚ್ಚುಗಾರ್ತಿಯಾಗಿ ಕೆಲಸ ಮಾಡಿದವಳು. ಕೋರ್ಟಿನವರ ಬಗ್ಗೆ ಹೇಳೋದು ಸುಲಭ ಅಂದುಕೊಂಡಿದ್ದೆ. ನಾಲ್ಕು ಹಾಳೆ ನೀಟಾಗಿ ಟೈಪ್ ಮಾಡಿಕೊಂಡು ಹೋಗಿ ಓದಿದೆ. ಏಳನೇ ನಿಮಿಷಕ್ಕೆ ಒಬ್ಬರು ಬುಟ್ಟಿ ಎಳೆದುಕೊಂಡು ಹೂ ಕಟ್ಟಲು ಶುರು ಮಾಡಿದರು. 1848ನೇ ಇಸವಿಗೆ ಬಂದಾಗ ಹಿಂದಿನಿಂದ ಪಿಸುಮಾತು ಕೇಳಿಸಿತು: "ಇನ್ನೂ ಎಷ್ಟು ವರ್ಷ ಬದುಕ್ತಾನೆ ಮಾರಾಯ್ತಿ ಇವನು?"

ಎಂಟು ತಿಂಗಳ ನಂತರ ತೀರ್ಥಹಳ್ಳಿಯಲ್ಲಿ ತಂಗಿಯ ಮನೆಗೆ ಹೋದಾಗ ಅಲ್ಲಿಯ ಇಂಥದೇ ಗುಂಪಿನಲ್ಲಿ ಅದೇ ಡೇವಿಸ್ ಬಗ್ಗೆ ಮತ್ತೆ ಹೇಳಿದೆ. ಈ ಸಲ ಯಾರೂ ಹೂ ಕಟ್ಟಲಿಲ್ಲ. 20 ನಿಮಿಷದ ಮಾತು ಮುಕ್ಕಾಲು ಗಂಟೆ ಆಯಿತು, ಅವಲಕ್ಕಿ ತಣ್ಣಗಾಯಿತು. ಮಧ್ಯದಲ್ಲಿ ಏನೇನು ಬದಲಾಯಿಸಿದೆ ಅಂತ ಬರೆಯುತ್ತಿದ್ದೇನೆ. ನಿಮಗೂ ಯಾವುದಾದರೂ ಶಾಲೆಯಲ್ಲೋ, ಸಂಘದಲ್ಲೋ ಇಂಥ ಸರದಿ ಬಂದರೆ ಇರಲಿ.

ಒಂದು ಮಾತು ಮೊದಲೇ. 'ಅವನು' ಅಂತೀರೋ 'ಅವರು' ಅಂತೀರೋ ಮನೆಯಲ್ಲೇ ನಿರ್ಧಾರ ಮಾಡಿಕೊಂಡು ಹೋಗಿ. ಮಧ್ಯದಲ್ಲಿ ಬದಲಾದರೆ ಕೇಳುವವರಿಗೆ ಇಬ್ಬರು ಮನುಷ್ಯರು ಅನ್ನಿಸಿಬಿಡುತ್ತದೆ. ನನ್ನದು 34 ವರ್ಷ ಸಾಹೇಬ್ರು ಅಂದ ಬಾಯಿ, ಜಡ್ಜ್‌ಗೆ 'ಅವನು' ಅನ್ನೋಕೆ ಬರುವುದಿಲ್ಲ. ಹಾಗಾಗಿ ಡೇವಿಸ್ ಸಾಹೇಬರು.

ತಾರೀಖಿನ ಪಟ್ಟಿ ಮಾಡಿ, ಮಡಚಿ ಇಡಿ

ಪಟ್ಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು, ಒಂದು ಹಾಳೆಯಲ್ಲಿ. ನನ್ನದು ಹೀಗಿತ್ತು. 1815 ಮಾರ್ಚ್ 9, ಮೇರಿಲ್ಯಾಂಡ್ ರಾಜ್ಯದ ಸೆಸಿಲ್ ಕೌಂಟಿಯಲ್ಲಿ ಜನನ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. 1832ರಲ್ಲಿ ಓಹಾಯೊದ ಕೆನ್ಯನ್ ಕಾಲೇಜು ಮುಗಿಸಿದ್ದು. 1835ರಲ್ಲಿ ಇಲಿನಾಯ್‌ಗೆ ಬಂದದ್ದು, ಮರುವರ್ಷ ಬ್ಲೂಮಿಂಗ್ಟನ್‌ನಲ್ಲಿ ನೆಲೆ. 1838ರಲ್ಲಿ ಸಾರಾ ವಾಕರ್ ಜೊತೆ ಮದುವೆ. 1844ರಲ್ಲಿ ರಾಜ್ಯದ ಶಾಸನಸಭೆಗೆ ಆಯ್ಕೆ. 1848ರಲ್ಲಿ ಎಂಟನೇ ಸರ್ಕೀಟಿನ ಜಡ್ಜು. 1862ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು. 1877ರಲ್ಲಿ ಅದನ್ನು ಬಿಟ್ಟು ಸೆನೆಟ್, ಅಂದರೆ ಅಲ್ಲಿಯ ಸಂಸತ್ತಿನ ಮೇಲ್ಮನೆ. 1886 ಜೂನ್ 26, ಬ್ಲೂಮಿಂಗ್ಟನ್‌ನಲ್ಲೇ ಮರಣ.

ಇದು ಆರ್ಡರ್ ಶೀಟ್. ಕೋರ್ಟಿನ ಕಡತದಲ್ಲಿ ಎಲ್ಲಕ್ಕಿಂತ ಮೇಲೆ ಇರುವ ಹಾಳೆ ಅದು. ಓದಿದರೆ ಕೇಸು ಯಾವತ್ತು ಯಾವ ವಾಯಿದೆಗೆ ಹೋಯಿತು ಅಂತ ಗೊತ್ತಾಗುತ್ತದೆ. ಜಗಳ ಏನಕ್ಕೆ ಅಂತ ಗೊತ್ತಾಗುವುದಿಲ್ಲ. ಮೊದಲ ಸಲ ನಾನು ಆರ್ಡರ್ ಶೀಟನ್ನೇ ಓದಿದ್ದೆ, ಅದೇ ತಪ್ಪು. ಎರಡನೇ ಸಲ ಅದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡೆ. ಯಾರಾದರೂ ಇಸವಿ ಕೇಳಿದರೆ ತೆಗೆಯುವುದು, ಇಲ್ಲದಿದ್ದರೆ ಇಲ್ಲ.

ರಸ್ತೆಯಿಂದ ಶುರು ಮಾಡಿ

ಹುಟ್ಟಿನಿಂದ ಶುರು ಮಾಡಬೇಡಿ. ಆ ಮನುಷ್ಯರು ಕೆಲಸ ಮಾಡುತ್ತಿರುವ ಒಂದು ದಿನದಿಂದ ಶುರು ಮಾಡಿ, ಅದೂ ನಿಮ್ಮೂರಿನವರಿಗೆ ಅನುಭವ ಇರುವ ಕೆಲಸ ಆಗಿರಲಿ. ಡೇವಿಸ್ ವಿಷಯದಲ್ಲಿ ಅದು ರಸ್ತೆ.

ನಮ್ಮ ಕಡೆ ಸಾಹೇಬರು ಊರೂರು ತಿರುಗುವುದಕ್ಕೆ 'ಸರ್ಕೀಟು' ಅನ್ನುತ್ತೇವೆ ಅಲ್ವಾ? ಅಮಲ್ದಾರರು ಸರ್ಕೀಟು ಬಂದರು ಅಂದರೆ ಐ.ಬಿ. ಬಂಗಲೆಯಲ್ಲಿ ಕೋಳಿಗೆ ಗ್ರಹಚಾರ. ಆ ಪದ ಬಂದದ್ದೇ ಡೇವಿಸ್ ಮಾಡುತ್ತಿದ್ದಂಥ ಕೆಲಸದಿಂದ. ಒಂದೊಂದು ಜಿಲ್ಲಾ ಊರಿಗೆ ಒಬ್ಬ ಜಡ್ಜನ್ನು ಕೂರಿಸುವಷ್ಟು ಕೇಸೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಹಾಗಾಗಿ ಒಬ್ಬರೇ ಜಡ್ಜು ಸುತ್ತುತ್ತಿದ್ದರು. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗಿಂತ ಸ್ವಲ್ಪ ದೊಡ್ಡದು ಅಂತ ಇಟ್ಟುಕೊಳ್ಳಿ. 1850ರ ಆಸುಪಾಸಿನಲ್ಲಿ ಡೇವಿಸ್ ಪಾಲಿಗೆ ಅಂಥ 14 ಕೌಂಟಿ. ಸುತ್ತು ಪೂರ್ತಿ ಮಾಡಿದರೆ 400 ಮೈಲಿಯ ಹತ್ತಿರ. ವರ್ಷಕ್ಕೆ ಎರಡು ಸುತ್ತು, ವಸಂತದಲ್ಲಿ ಒಂದು, ಚಳಿ ಬೀಳುವ ಮೊದಲು ಇನ್ನೊಂದು. ಒಂದು ಸುತ್ತಿಗೆ ಎರಡು ಮೂರು ತಿಂಗಳು. ಜಡ್ಜರ ಹಿಂದೆಯೇ ವಕೀಲರ ಹಿಂಡು ಕುದುರೆಯನ್ನೋ ಬಗ್ಗಿ ಅನ್ನುವ ಕುದುರೆಗಾಡಿಯನ್ನೋ ಹತ್ತಿ ಹೊರಡುತ್ತಿತ್ತು. ಊರು ತಲುಪಿದ ಮೇಲೆ ಕಕ್ಷಿದಾರರು ಅಲ್ಲೇ ಬಂದು ವಕೀಲರನ್ನು ಹಿಡಿಯುವುದು, ಮರುದಿನವೇ ವಾದ. ಎಲ್ಲ ವಕೀಲರೂ ಪೂರ್ತಿ ಸುತ್ತು ಹೋಗುತ್ತಿರಲಿಲ್ಲ. ಜಡ್ಜರ ಜೊತೆ ಕೊನೆಯ ಊರಿನ ತನಕ ಹೋಗುತ್ತಿದ್ದವರಲ್ಲಿ ಒಬ್ಬರು ಅಬ್ರಹಾಂ ಲಿಂಕನ್.

ಲಿಂಕನ್ ಹೆಸರನ್ನು ಇಲ್ಲಿಯ ತನಕ ಹೇಳಬೇಡಿ. ಮೊದಲೇ ಹೇಳಿದರೆ ಎಲ್ಲರೂ ಲಿಂಕನ್‌ಗೇ ಕಾಯುತ್ತಾರೆ, ಡೇವಿಸ್ ಬರೀ ಬಾಗಿಲು ತೆಗೆಯುವವರಾಗುತ್ತಾರೆ.

ಡೇವಿಸ್ ತೂಕ 300 ಪೌಂಡಿಗೂ ಜಾಸ್ತಿ. 136 ಕಿಲೋ ಅಂದರೂ ಯಾರ ಕಣ್ಣಿಗೂ ಕಟ್ಟುವುದಿಲ್ಲ. "ಹೆಚ್ಚು ಕಡಿಮೆ ಎರಡು ಮೂಟೆ ಅಡಿಕೆ" ಅಂದೆ. ಕೂತವರೆಲ್ಲ ಒಟ್ಟಿಗೆ "ಅಯ್ಯಪ್ಪಾ" ಅಂದರು. ಅಂಥ ಮನುಷ್ಯರನ್ನು ಹೊತ್ತು ಎರಡು ಕುದುರೆಯ ಬಗ್ಗಿ ಕೆಸರಿನಲ್ಲಿ ಹೋಗಬೇಕು. ಒಂದು ಎಚ್ಚರಿಕೆ: ಕೆಸರು ಅಂದಕೂಡಲೇ ನಮ್ಮವರು ಆಗುಂಬೆ ಘಾಟಿ ನೆನಸಿಕೊಳ್ಳುತ್ತಾರೆ. ಇಲಿನಾಯ್ ಬಟ್ಟ ಬಯಲು. ಗುಡ್ಡ ಇಲ್ಲ, ಕಾಡೂ ಕಡಿಮೆ. ಬಯಲುಸೀಮೆಯ ಎರೆಮಣ್ಣಿಗೆ ಮಳೆ ಬಿದ್ದ ಹಾಗೆ ಅಂತ ಹೇಳಿ, ಗಾಲಿಗೆ ಮುದ್ದೆ ಮುದ್ದೆಯಾಗಿ ಅಂಟುವ ಮಣ್ಣು.

ಇಲ್ಲಿ ನನ್ನದೂ ಒಂದು ಸೇರಿಸಿದೆ. ಹೊಸನಗರದಲ್ಲಿದ್ದಾಗ ಒಂದು ಜಾಗದ ತಕರಾರಿಗೆ ಕೋರ್ಟ್ ಕಮಿಷನರ್ ಆಗಿ ನೇಮಕವಾದ ವಕೀಲರ ಜೊತೆ ಸ್ಥಳ ನೋಡಲು ಹೋಗಿದ್ದೆವು. ಆಷಾಢದ ಮಳೆ. ಜೀಪು ಒಂದು ಹಳ್ಳದ ಈಚೆಗೇ ನಿಂತಿತು. ಟೈಪ್‌ರೈಟರನ್ನು ಒಬ್ಬರು ತಲೆಯ ಮೇಲೆ ಇಟ್ಟುಕೊಂಡು ದಾಟಿಸಿದರು, ಮೇಲೆ ಕಂಬಳಿಕೊಪ್ಪೆ. ಮನೆಯ ಜಗಲಿಯಲ್ಲಿ ಕೂತು ಚೀಲ ತೆಗೆದರೆ ಕಾರ್ಬನ್ ಹಾಳೆ ನೆನೆದು ಎರಡು ಕೈಯೂ ನೀಲಿ. ವಾದಿಯ ತಾಯಿ ನನ್ನ ಕೈ ನೋಡಿ ಬೇರೆ ಏನನ್ನೂ ಕೇಳದೆ ಬಿಸಿನೀರು, ಸೀಗೆಪುಡಿ ತಂದರು. ಪ್ರತಿವಾದಿಯ ಮನೆಯಿಂದ ಕಾಫಿ ಬಂತು. ಇಬ್ಬರ ಬೇಲಿ ಜಗಳ 11 ವರ್ಷದ್ದು!

ಇದನ್ನು ಯಾಕೆ ಹೇಳಿದೆ ಅಂದರೆ, ಡೇವಿಸ್ ಸರ್ಕೀಟಿನಲ್ಲೂ ಹೀಗೇ. ತಂಗುಮನೆಯಲ್ಲಿ ಒಂದೇ ಉದ್ದ ಮೇಜು. ಜಡ್ಜು, ವಕೀಲರು, ಜ್ಯೂರಿಯವರು, ಸಾಕ್ಷಿಗಳು, ಜಾಮೀನಿನ ಮೇಲಿದ್ದ ಆರೋಪಿ, ಎಲ್ಲರದೂ ಅಲ್ಲೇ ಊಟ. ವಕೀಲರು ಒಂದು ಮಂಚಕ್ಕೆ ಇಬ್ಬರು. ಜಡ್ಜ್ ಸಾಹೇಬರಿಗೆ ಮಾತ್ರ ಪೂರ್ತಿ ಮಂಚ. ಅದು ಮರ್ಯಾದೆಗೋ ಎರಡು ಮೂಟೆ ತೂಕಕ್ಕೋ ನೀವೇ ಹೇಳಿ. ರಾತ್ರಿ ಹೆಂಡತಿ ಸಾರಾಗೆ ಕಾಗದ ಬರೆಯುತ್ತಿದ್ದರು. ರಸ್ತೆ ಸರಿ ಇಲ್ಲ, ಊಟ ಸರಿ ಇಲ್ಲ, ತಂಗುಮನೆ ಹೊಲಸು ಅನ್ನುವ ದೂರುಗಳೇ ಜಾಸ್ತಿ. ನನಗೆ ಆ ದೊಡ್ಡ ದೊಡ್ಡ ತೀರ್ಪಿಗಿಂತ ಈ ಕಾಗದಗಳ ಮೇಲೇ ಪ್ರೀತಿ. ಇವುಗಳಿಂದಲೇ ಆ ದಿನಗಳ ಕೋರ್ಟು ಹೇಗಿತ್ತು ಅಂತ ಇವತ್ತು ಗೊತ್ತಾಗುವುದು.

ಇನ್ನೊಂದು ವಿಷಯ ಕೋರ್ಟಿನವರು ಇದ್ದ ಕಡೆ ಖಂಡಿತ ಹೇಳಿ. ಡೇವಿಸ್‌ಗೆ ಬೇರೆ ಕೆಲಸ ಬಂದರೆ ಕೆಲವು ಸಲ ಲಿಂಕನ್ ಅವರನ್ನೇ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದರು. ಅವತ್ತಿನ ಮಟ್ಟಿಗೆ ವಕೀಲರೇ ಜಡ್ಜು. ನಮ್ಮಲ್ಲಿ ಹೀಗೆ ಮಾಡಿದರೆ ಮಧ್ಯಾಹ್ನದ ಒಳಗೆ ಹೈಕೋರ್ಟಿಗೆ ಸುದ್ದಿ ಮುಟ್ಟಿರುತ್ತದೆ.

"ಎಂದರೆ ಸರಿ" ಪರೀಕ್ಷೆ

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಮಾತಾಡುವ ಹಿಂದಿನ ದಿನ ಮಾಡಿ.

ಪಾಟೀಸವಾಲಿನಲ್ಲಿ ಸಾಕ್ಷಿ ಹೇಳಿದ್ದನ್ನು ನಾವು ಹೇಗೆ ಟೈಪ್ ಮಾಡುತ್ತಿದ್ದೆವು ಗೊತ್ತಾ? ಪ್ರಶ್ನೆಯನ್ನೂ ಉತ್ತರವನ್ನೂ ಬೇರೆ ಬೇರೆ ಬರೆಯುವುದಿಲ್ಲ. ವಕೀಲರು "ನಿಮಗೂ ಆರೋಪಿಗೂ ಹಳೆ ದ್ವೇಷ ಇದೆ ತಾನೇ?" ಅನ್ನುತ್ತಾರೆ. ಸಾಕ್ಷಿ ತಲೆ ಅಲ್ಲಾಡಿಸುತ್ತಾನೆ. ಹಾಳೆಯ ಮೇಲೆ ಬರುವುದು: "ನನಗೂ ಆರೋಪಿಗೂ ಹಳೆಯ ದ್ವೇಷವಿದೆ ಎಂದರೆ ಸರಿಯಲ್ಲ." ಒಪ್ಪಿದರೆ "ಎಂದರೆ ಸರಿ". ದಿನಕ್ಕೆ ನೂರು ಸಲ ಬಡಿದ ಪದ. ನಿವೃತ್ತಿಯಾದ ಮೇಲೂ ಕನಸಿನಲ್ಲಿ ಬರುತ್ತದೆ.

ನೀವು ಹೇಳಬೇಕೆಂದಿರುವ ಪ್ರತಿಯೊಂದು ವಾಕ್ಯದ ಹಿಂದೆ ಅದನ್ನು ಹಚ್ಚಿ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ನಿಲ್ಲಿ.

1860ರ ಕತೆ ತೆಗೆದುಕೊಳ್ಳಿ. ಮೇ ತಿಂಗಳು, ಶಿಕಾಗೊ ಪಟ್ಟಣ. ರಿಪಬ್ಲಿಕನ್ ಪಕ್ಷದವರು ಅಧ್ಯಕ್ಷ ಅಭ್ಯರ್ಥಿ ಯಾರು ಅಂತ ಆರಿಸಲು ಸೇರಿದ್ದಾರೆ. ಅದಕ್ಕೇ ಅಂತ ಮರದಲ್ಲಿ ಕಟ್ಟಿದ ದೊಡ್ಡ ಸಭಾಂಗಣ, ಹೆಸರು ವಿಗ್ವಾಮ್. ನ್ಯೂಯಾರ್ಕಿನ ಸಿವರ್ಡ್ ಗೆಲ್ಲುತ್ತಾರೆ ಅಂತ ಎಲ್ಲರ ಲೆಕ್ಕ. ಲಿಂಕನ್ ಊರಿನಲ್ಲೇ ಉಳಿದಿದ್ದರು. ಅವರ ಕಡೆಯ ಓಡಾಟದ ಯಜಮಾನಿಕೆ ಡೇವಿಸ್ ಸಾಹೇಬರದು, ಟ್ರೆಮಾಂಟ್ ಹೌಸ್ ಅನ್ನುವ ಹೋಟೆಲಿನಲ್ಲಿ ಠಿಕಾಣಿ.

ಗೆಲ್ಲಲು 233 ಓಟು ಬೇಕಿತ್ತು. ಮೊದಲ ಸುತ್ತಿನಲ್ಲಿ ಸಿವರ್ಡ್ 173½, ಲಿಂಕನ್ 102. ಎರಡನೆಯದರಲ್ಲಿ 184½, 181. ಮೂರನೇ ಸುತ್ತಿಗೆ ಲಿಂಕನ್ 231½ಕ್ಕೆ ಬಂದು ನಿಂತರು, ಒಂದೂವರೆ ಕಡಿಮೆ. ಆಗ ಓಹಾಯೊದವರು ಎದ್ದು ತಮ್ಮ ನಾಲ್ಕು ಓಟು ಬದಲಾಯಿಸಿದರು. ಮುಗಿಯಿತು. ಹೀಗೆ ಓಟು ತಿರುಗಿಸಿದವರು ಡೇವಿಸ್ ಮತ್ತು ಅವರ ಸರ್ಕೀಟಿನ ವಕೀಲರು ಎಂದರೆ ಸರಿ.

ಇನ್ನು ಮುಂದಿನದು. ಲಿಂಕನ್ ಒಂದು ಚೀಟಿ ಕಳಿಸಿದ್ದರು, ನನ್ನನ್ನು ಕಟ್ಟಿಹಾಕುವ ಯಾವ ಒಪ್ಪಂದವನ್ನೂ ಮಾಡಬೇಡಿ ಅಂತ. ಎಂದರೆ ಸರಿ. ಗೆದ್ದ ಮೇಲೆ ಪೆನ್ಸಿಲ್ವೇನಿಯಾದ ಕ್ಯಾಮರಾನ್, ಇಂಡಿಯಾನಾದ ಕೇಲೆಬ್ ಸ್ಮಿತ್ ಇಬ್ಬರೂ ಲಿಂಕನ್ ಸಂಪುಟದಲ್ಲಿ ಮಂತ್ರಿಗಳಾದರು. ಎಂದರೆ ಸರಿ. ಡೇವಿಸ್ ಆ ಚೀಟಿ ನೋಡಿ, "ಲಿಂಕನ್ ಇಲ್ಲಿಲ್ಲ, ಇಲ್ಲಿಯ ಕಷ್ಟ ಅವರಿಗೇನು ಗೊತ್ತು" ಅಂತ ಹೇಳಿ ಮಂತ್ರಿಗಿರಿ ಹಂಚಿಬಿಟ್ಟರು. ಎಂದರೆ...? ಇಲ್ಲಿ ನನ್ನ ಬೆರಳು ನಿಂತಿತು. ಈ ಮಾತು ಎಲ್ಲ ಕಡೆ ಓಡಾಡುತ್ತದೆ, ಕೇಳಲು ರುಚಿಯಾಗಿಯೂ ಇದೆ. ಆದರೆ ಅದು ಆಮೇಲೆ ಬಾಯಿಂದ ಬಾಯಿಗೆ ಬಂದದ್ದು, ಇತಿಹಾಸ ಬರೆಯುವವರಲ್ಲೇ ಇದರ ಬಗ್ಗೆ ತಕರಾರು ಇದೆ. ಹಾಗಂತ ಬಿಡಬೇಕಿಲ್ಲ. ಎಡಗೈಯಲ್ಲಿ ಚೀಟಿ, ಬಲಗೈಯಲ್ಲಿ ಇಬ್ಬರು ಮಂತ್ರಿಗಳು, ಎರಡನ್ನೂ ಮುಂದೆ ಇಡಿ. ಮಧ್ಯದ ಹೋಟೆಲ್ ಕೋಣೆಯ ಬಗ್ಗೆ "ಹೀಗೆ ಹೇಳುತ್ತಾರೆ" ಅಂತ ಹೇಳಿ. ತೀರ್ಥಹಳ್ಳಿಯಲ್ಲಿ ಆಗ ಒಬ್ಬರು ತಕ್ಷಣ, "ಹಂಚಿದ್ದಾರೆ ಬಿಡಿ, ಕೇಳೋದೇನಿದೆ" ಅಂದರು. ಅವರು ಅವತ್ತಿನ ಜ್ಯೂರಿ, ನನಗೇನು.

ಇದೇ ಪರೀಕ್ಷೆ ಲ್ಯಾಮನ್ ಹೇಳಿದ ಕತೆಗೂ. ವಾರ್ಡ್ ಹಿಲ್ ಲ್ಯಾಮನ್ ಅಂತ ಸರ್ಕೀಟಿನ ಇನ್ನೊಬ್ಬ ವಕೀಲ. ಬುದ್ಧಿ ಸ್ಥಿಮಿತವಿಲ್ಲದ ಒಬ್ಬ ಹುಡುಗಿಯ ಆಸ್ತಿಯ ಕೇಸಿಗೆ ಅವರು 250 ಡಾಲರ್ ಫೀ ಮಾತಾಡಿದ್ದರಂತೆ. ಜೊತೆಗಿದ್ದ ಲಿಂಕನ್, ಅರ್ಧ ಗಂಟೆಯ ಕೆಲಸವೂ ಇಲ್ಲದ್ದಕ್ಕೆ ಇಷ್ಟು ಯಾಕೆ ಅಂತ ಅರ್ಧ ದುಡ್ಡು ವಾಪಸು ಕೊಡಿಸಿದರು. ಡೇವಿಸ್‌ಗೆ ಸಿಟ್ಟು ಬಂತು. ನೀನು ಹೀಗೆ ಪುಡಿಗಾಸಿಗೆ ಕೆಲಸ ಮಾಡಿದರೆ ಉಳಿದ ವಕೀಲರು ಉಪವಾಸ ಬೀಳುತ್ತಾರೆ ಅಂತ ಬೈದರು. ರಾತ್ರಿ ವಕೀಲರೆಲ್ಲ ಸೇರಿ ತಮಾಷೆಯ ಕೋರ್ಟು ಮಾಡಿ ಲಿಂಕನ್‌ಗೆ ದಂಡ ಹಾಕಿದರು. ಇದು ಲ್ಯಾಮನ್ ಆಮೇಲೆ ಬರೆದ ನೆನಪು. ಅಲ್ಲೇ ಇದ್ದವರ ಮಾತು, ನಿಜ. ಆದರೆ ಒಬ್ಬರೇ ಸಾಕ್ಷಿ, ಅದೂ ಗೆಳೆಯ. "ಲ್ಯಾಮನ್ ಹೇಳುವ ಪ್ರಕಾರ" ಅಂತ ಸೇರಿಸಿದರೆ ಕತೆಯ ರುಚಿ ಏನೂ ಕಡಿಮೆಯಾಗುವುದಿಲ್ಲ.

ಜಡ್ಜು ಓಟು ಕೇಳಬಹುದಾ?

ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ಸಿದ್ಧ ಇಟ್ಟುಕೊಳ್ಳಿ. ವಕೀಲರು ರಾಜಕಾರಣಿ ಆಗುವುದು ನಮ್ಮ ಕಡೆ ಹೊಸದಲ್ಲ. ಕಡಿದಾಳು ಮಂಜಪ್ಪನವರು ತೀರ್ಥಹಳ್ಳಿಯಲ್ಲಿ ವಕೀಲಿ ಮಾಡಿದವರು, 1956ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಆದರು. ಅದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಜಡ್ಜು ಕುರ್ಚಿಯಲ್ಲಿ ಇದ್ದುಕೊಂಡೇ ಒಬ್ಬರ ಪರ ಓಟು ಕೂಡಿಸುವುದು? ನಮ್ಮ ಸಾಹೇಬರುಗಳು ಮದುವೆ ಮನೆಗೆ ಹೋಗಲೂ ಹಿಂದೆ ಮುಂದೆ ನೋಡುತ್ತಾರೆ.

ಇಲ್ಲಿ ಎರಡು ವಾಕ್ಯ ವಿವರಣೆ ಸಾಕು. ಇಲಿನಾಯ್ ರಾಜ್ಯ 1847ರಲ್ಲಿ ಹೊಸ ಸಂವಿಧಾನ ಬರೆಯಲು ಸಭೆ ಕರೆಯಿತು, ಡೇವಿಸ್ ಅದರ ಸದಸ್ಯರು. ಆ ಸಂವಿಧಾನದ ಪ್ರಕಾರ ಜಡ್ಜ್‌ಗಳನ್ನೂ ಜನರೇ ಓಟು ಹಾಕಿ ಆರಿಸಬೇಕಾಯಿತು, ಡೇವಿಸ್ ಹಾಗೇ ನಿಂತು ಗೆದ್ದು ಜಡ್ಜಾದವರು. ಓಟಿನಿಂದ ಬಂದ ಜಡ್ಜಿಗೆ ಓಟಿನ ರಾಜಕೀಯ ಅಲ್ಲಿ ಆಗ ವಿಚಿತ್ರ ಅನ್ನಿಸಲಿಲ್ಲ. ಇಷ್ಟು ಹೇಳಿ ಮುಂದೆ ಹೋಗಿ. ಸಮರ್ಥಿಸಲು ಹೋಗಬೇಡಿ. ನೀವು ಅವರ ಪರ ವಕಾಲತ್ತು ಹಾಕಿಲ್ಲ.

ಬದಲಿಗೆ 1866ಕ್ಕೆ ಜಿಗಿಯಿರಿ. ಲಿಂಕನ್ ಅಧ್ಯಕ್ಷರಾಗಿ, 1862ರಲ್ಲಿ ಗೆಳೆಯ ಡೇವಿಸ್ ಅವರನ್ನು ಸುಪ್ರೀಂ ಕೋರ್ಟಿಗೆ ತಂದರು. ನಮ್ಮ ಮನುಷ್ಯ ಇರಲಿ ಅಂತ ತಂದದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗ ಅಲ್ಲಿ ಅಂತರ್ಯುದ್ಧದ ಕಾಲ. ಇಂಡಿಯಾನಾದ ಲ್ಯಾಂಬ್‌ಡಿನ್ ಮಿಲಿಗನ್ ಅನ್ನುವವರನ್ನು (ಅವರೂ ವಕೀಲರೇ) ಸರ್ಕಾರದ ವಿರುದ್ಧ ಪಿತೂರಿ ಅಂತ 1864ರಲ್ಲಿ ಹಿಡಿದರು. ಸೈನ್ಯದ ಕಮಿಷನ್ ವಿಚಾರಣೆ ಮಾಡಿ ನೇಣು ಅಂದಿತು. ಕೇಸು ಸುಪ್ರೀಂ ಕೋರ್ಟಿಗೆ ಬಂತು. ಅಷ್ಟು ಹೊತ್ತಿಗೆ ಲಿಂಕನ್ ಕೊಲೆಯಾಗಿತ್ತು. ಬಹುಮತದ ತೀರ್ಪು ಬರೆದವರು ಡೇವಿಸ್. ಇಂಡಿಯಾನಾದಲ್ಲಿ ಮಾಮೂಲಿ ಕೋರ್ಟುಗಳು ಬಾಗಿಲು ತೆರೆದು ಕೆಲಸ ಮಾಡುತ್ತಿರುವಾಗ ಸೈನಿಕನಲ್ಲದವನನ್ನು ಸೈನ್ಯದ ಕೋರ್ಟಿಗೆ ಎಳೆಯುವ ಹಾಗಿಲ್ಲ, ಬಿಡಿ ಅಂತ. ಸಂವಿಧಾನ ಆಳುವವರಿಗೂ ಜನರಿಗೂ, ಯುದ್ಧದಲ್ಲೂ ಶಾಂತಿಯಲ್ಲೂ ಒಂದೇ ಕಾನೂನು ಅಂತ ಅದರಲ್ಲಿ ಬರೆದರು. ಮಿಲಿಗನ್‌ರನ್ನು ಬಿಡಬೇಕು ಅನ್ನುವುದಕ್ಕೆ ಒಂಬತ್ತೂ ಜನ ಒಪ್ಪಿದರು, ಕಾರಣಗಳ ಬಗ್ಗೆ ಮಾತ್ರ ಐದು-ನಾಲ್ಕು.

ಆ ಸೈನ್ಯದ ಕೋರ್ಟುಗಳು ನಡೆದದ್ದು ಲಿಂಕನ್ ಆಡಳಿತದಲ್ಲಿ. ಅವು ಸರಿಯಲ್ಲ ಅಂದವರು ಲಿಂಕನ್‌ರನ್ನು ಗೆಲ್ಲಿಸಿ, ಲಿಂಕನ್‌ರಿಂದಲೇ ನೇಮಕವಾದವರು. ಇದನ್ನು ಹೇಳಿ ಒಂದು ಗುಟುಕು ನೀರು ಕುಡಿಯಿರಿ. 1975ರ ತುರ್ತು ಪರಿಸ್ಥಿತಿಯ ಹೆಸರು ನೀವು ಎತ್ತಬೇಡಿ. ವಯಸ್ಸಾದವರು ಯಾರಾದರೂ ಇದ್ದರೆ ಅವರೇ ಎತ್ತುತ್ತಾರೆ. ನನ್ನ ಮಾತಿನ 20 ನಿಮಿಷ ಮುಕ್ಕಾಲು ಗಂಟೆಯಾದದ್ದು ಇಲ್ಲೇ.

ಉಯಿಲು ಬರೆಯದ ವಕೀಲರು

ಮನೆಯ ವಿಷಯ ಒಂದಾದರೂ ಇರಲಿ. ಮಲೆನಾಡಿನಲ್ಲಿ ತೋಟ ಪಾಲಾಗದ ಮನೆ ಯಾವುದಿದೆ ಹೇಳಿ? ಲಿಂಕನ್ ಅಷ್ಟು ವರ್ಷ ವಕೀಲಿ ಮಾಡಿದರೂ ತಮ್ಮ ಉಯಿಲು ಬರೆದಿರಲಿಲ್ಲ. 1865ರ ಏಪ್ರಿಲ್‌ನಲ್ಲಿ ಗುಂಡೇಟಿಗೆ ಸತ್ತಾಗ ದೊಡ್ಡ ಮಗ ರಾಬರ್ಟ್ ತಂತಿ ಕೊಟ್ಟದ್ದು ಡೇವಿಸ್‌ಗೆ, ಬಂದು ಎಲ್ಲ ನೋಡಿಕೊಳ್ಳಿ ಅಂತ. ಡೇವಿಸ್ ಎರಡೂವರೆ ವರ್ಷ ಆಸ್ತಿಯ ಆಡಳಿತ ನೋಡಿದರು. ಕೊನೆಗೆ ಸುಮಾರು 1,10,000 ಡಾಲರ್ ಆಯಿತು. ಹೆಂಡತಿ ಮೇರಿ, ಮಗ ರಾಬರ್ಟ್, ಚಿಕ್ಕ ಮಗ ಟ್ಯಾಡ್, ಮೂವರಿಗೂ ಸಮಪಾಲು. ಕಾನೂನಿನ ಪ್ರಕಾರ ಡೇವಿಸ್‌ಗೆ ಫೀ ಬರಬೇಕಿತ್ತು. ಒಂದು ಕಾಸೂ ತಗೊಳ್ಳಲಿಲ್ಲ.

ಇದನ್ನು ಕೇಳಿ ಎಲ್ಲರೂ ಮೆಚ್ಚಿಕೊಂಡರು. ಆದರೆ ಕೂಡಲೇ ಇನ್ನೊಂದನ್ನೂ ಹೇಳಿಬಿಡಿ: ಡೇವಿಸ್‌ಗೆ ಆ ದುಡ್ಡಿನ ಅಗತ್ಯ ಇರಲಿಲ್ಲ. ಜಮೀನು ಕೊಂಡು ಕೊಂಡು ಇಲಿನಾಯ್‌ನ ದೊಡ್ಡ ಜಮೀನುದಾರರಲ್ಲಿ ಒಬ್ಬರಾಗಿದ್ದರು. ಫೀ ತಗೊಳ್ಳದ್ದು ಒಳ್ಳೆಯ ಗುಣ ಹೌದು, ಉಪವಾಸವಿದ್ದು ಬಿಟ್ಟ ದುಡ್ಡಲ್ಲ. ಬರೀ ಒಳ್ಳೆಯದನ್ನೇ ಹೇಳುವ ಸಾಕ್ಷಿಯನ್ನು ಯಾವ ಸಾಹೇಬರೂ ನಂಬಿದ್ದು ನಾನು ನೋಡಿಲ್ಲ.

1877ಕ್ಕೆ 16 ಅಡಿಕೆ ತಗೊಂಡು ಹೋಗಿ

ಅಂಕಿ ಜಾಸ್ತಿ ಇರುವ ಜಾಗದಲ್ಲಿ ಕೈಯಲ್ಲಿ ಹಿಡಿಯುವ ಸಾಮಾನು ಬೇಕು. 1877ರ ಗಲಾಟೆಯನ್ನು ಮೊದಲ ಸಲ ಬಾಯಲ್ಲಿ ಹೇಳಿ ನಾನೇ ಗೊಂದಲ ಮಾಡಿಕೊಂಡಿದ್ದೆ. ಎರಡನೇ ಸಲ ತಟ್ಟೆಯಲ್ಲಿ ಅಡಿಕೆ ಇಟ್ಟುಕೊಂಡೆ. 8 ಬಿಳಿ ಚಾಲಿ, 7 ಕೆಂಪು, ಒಂದು ಸಿಪ್ಪೆಗೋಟು. ಎರಡು ಬಟ್ಟಲು.

ಹೇಳುವ ಕ್ರಮ ಹೀಗೆ. 1876ರ ಅಧ್ಯಕ್ಷ ಚುನಾವಣೆ. ಡೆಮಾಕ್ರಟ್ ಟಿಲ್ಡನ್, ರಿಪಬ್ಲಿಕನ್ ಹೇಯ್ಸ್. ಗೆಲ್ಲಲು ರಾಜ್ಯಗಳ ಪರ ಓಟು ಹಾಕುವ ಪ್ರತಿನಿಧಿಗಳ, ಅಂದರೆ ಎಲೆಕ್ಟರುಗಳ, 185 ಓಟು ಬೇಕು. ಟಿಲ್ಡನ್ ಹತ್ತಿರ 184, ಹೇಯ್ಸ್ ಹತ್ತಿರ 165, ತಕರಾರಿನಲ್ಲಿ 20. ಟಿಲ್ಡನ್‌ಗೆ ಒಂದೇ ಒಂದು ಸಾಕು, ಹೇಯ್ಸ್‌ಗೆ ಇಪ್ಪತ್ತೂ ಬೇಕು. ಜಗಳ ಬಿಡಿಸಲು 15 ಜನರ ಆಯೋಗ: ಸೆನೆಟ್‌ನಿಂದ 5, ಕೆಳಮನೆಯಿಂದ 5, ಸುಪ್ರೀಂ ಕೋರ್ಟಿನಿಂದ 5.

ಈಗ ಒಂದು ಬಟ್ಟಲಿಗೆ 7 ಚಾಲಿ ಹಾಕಿ, ಇವರು ರಿಪಬ್ಲಿಕನ್. 7 ಕೆಂಪು ಹಾಕಿ, ಇವರು ಡೆಮಾಕ್ರಟ್. ಹದಿನೈದನೆಯವರು ಡೇವಿಸ್ ಆಗುತ್ತಾರೆ ಅಂತ ಎಲ್ಲರ ಎಣಿಕೆ. ಅಷ್ಟು ಹೊತ್ತಿಗೆ ಅವರು ಯಾವ ಪಕ್ಷಕ್ಕೂ ಅಂಟಿಕೊಂಡಿರಲಿಲ್ಲ. ಸಿಪ್ಪೆಗೋಟನ್ನು ಎತ್ತಿ ಹಿಡಿಯಿರಿ. ಸುಲಿಯುವ ತನಕ ಒಳಗೆ ಹೇಗಿದೆ ಅಂತ ಯಾರಿಗೆ ಗೊತ್ತು? ತೀರ್ಥಹಳ್ಳಿಯ ಹೆಂಗಸರು ಅಡಿಕೆ ಸುಲಿದು ಬೆಳೆದವರು, ಇದಕ್ಕಿಂತ ಜಾಸ್ತಿ ವಿವರಿಸಬೇಕಾಗಲಿಲ್ಲ.

ಅಷ್ಟರಲ್ಲಿ, ಜನವರಿಯಲ್ಲಿ, ಇಲಿನಾಯ್ ಶಾಸನಸಭೆ ಡೇವಿಸ್ ಅವರನ್ನು ಸೆನೆಟ್‌ಗೆ ಆರಿಸಿಬಿಟ್ಟಿತು. ಆಗ ಸೆನೆಟರುಗಳನ್ನು ಜನ ಆರಿಸುತ್ತಿರಲಿಲ್ಲ, ರಾಜ್ಯದ ಶಾಸಕರು ಆರಿಸುತ್ತಿದ್ದರು. ಡೆಮಾಕ್ರಟರ ಓಟೂ ಅವರಿಗೆ ಬಿತ್ತು. ಡೇವಿಸ್ ಆ ಸ್ಥಾನ ಒಪ್ಪಿಕೊಂಡು, ಆಯೋಗದಲ್ಲಿ ಕೂರುವುದಿಲ್ಲ ಅಂದರು. ಸಿಪ್ಪೆಗೋಟನ್ನು ಎರಡನೇ ಬಟ್ಟಲಿಗೆ ಹಾಕಿ. ಕೋರ್ಟಿನಲ್ಲಿ ಆರಿಸಲು ಉಳಿದವರೆಲ್ಲ ರಿಪಬ್ಲಿಕನ್ನರು ನೇಮಿಸಿದವರೇ. ಅವರಲ್ಲಿ ಜೋಸೆಫ್ ಬ್ರ್ಯಾಡ್ಲಿ ಅನ್ನುವವರನ್ನು ತೆಗೆದುಕೊಂಡರು. ಎಂಟನೇ ಚಾಲಿ ಹಾಕಿ. ತಕರಾರಿದ್ದ ನಾಲ್ಕೂ ರಾಜ್ಯಗಳಿಗೆ ಒಂದೇ ಲೆಕ್ಕ, 8-7. ಇಪ್ಪತ್ತೂ ಹೇಯ್ಸ್‌ಗೆ. 185-184.

ಡೇವಿಸ್ ಹಿಂದೆ ಸರಿದದ್ದು ಸರಿಯಾ ತಪ್ಪಾ? ಹೇಳಬೇಡಿ. ಬಟ್ಟಲನ್ನು ಸುತ್ತು ಕಳಿಸಿ. ಒಬ್ಬರು "ಜವಾಬ್ದಾರಿ ತಪ್ಪಿಸ್ಕೊಂಡ್ರು" ಅಂದರು. ನನ್ನ ತಂಗಿ, "ರಾಜಕೀಯಕ್ಕೆ ಹೋಗೋರು ತೀರ್ಪು ಕೊಡೋಕೆ ಕೂತಿದ್ರೆ ಅದು ಇನ್ನೂ ಕೆಟ್ಟದಲ್ವಾ ಅಕ್ಕಾ" ಅಂದಳು. ಇಬ್ಬರೂ ಕಷಾಯ ಮುಗಿಯುವ ತನಕ ಬಿಡಲಿಲ್ಲ. ನನಗೆ ಕೇಳಿದರೆ ತಂಗಿ ಹೇಳಿದ್ದೇ ಸರಿ, ಆದರೆ ಅವತ್ತು ಬಾಯಿ ಬಿಡಲಿಲ್ಲ.

ಆಮೇಲಿನದು ಬೇಗ ಮುಗಿಸಿ. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ತೀರಿಕೊಂಡು ಉಪಾಧ್ಯಕ್ಷ ಆರ್ಥರ್ ಮೇಲೇರಿದಾಗ ಉಪಾಧ್ಯಕ್ಷರ ಕುರ್ಚಿ ಖಾಲಿ. ಡೇವಿಸ್ ಸೆನೆಟ್‌ನ ಹಂಗಾಮಿ ಅಧ್ಯಕ್ಷರಾದರು. ಆರ್ಥರ್‌ಗೆ ಏನಾದರೂ ಆಗಿದ್ದರೆ ಅಧ್ಯಕ್ಷಗಿರಿ ಇವರಿಗೇ ಬರುತ್ತಿತ್ತು. ಏನೂ ಆಗಲಿಲ್ಲ. 1883ರಲ್ಲಿ ಬ್ಲೂಮಿಂಗ್ಟನ್‌ಗೆ ವಾಪಸು ಬಂದರು. ಸಾರಾ ನಾಲ್ಕು ವರ್ಷ ಮೊದಲೇ ಹೋಗಿದ್ದರು. ಡೇವಿಸ್ ಇನ್ನೊಂದು ಮದುವೆಯಾದರು, ಮೂರು ವರ್ಷ ಬದುಕಿದರು. ಸಾವಿನ ಬಗ್ಗೆ ಉದ್ದ ಹೇಳಬೇಡಿ, ಜನ ಎದ್ದು ಸೆರಗು ಸರಿ ಮಾಡಿಕೊಳ್ಳುತ್ತಾರೆ.

ಸಾಕ್ಷಿಯ ಹೇಳಿಕೆ ಮುಗಿದ ಮೇಲೆ ನಾವು ಕೆಳಗೆ ಒಂದು ಸಾಲು ಟೈಪ್ ಮಾಡುತ್ತಿದ್ದೆವು: "ಓದಿ ಹೇಳಿ ಕೇಳಿ ಸರಿಯಿದೆ." ನೀವೂ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗಾದರೂ ಒಂದು ಸಲ ಪೂರ್ತಿ ಹೇಳಿ. ನಾನು ಮೊಮ್ಮಗನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ, "ಆ ಕುದುರೆ ಪಾಪ ಏನಾಯ್ತು ಅಜ್ಜಿ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಅಡಿಕೆಯನ್ನು ಎಣಿಸಿಯೇ ವಾಪಸು ತಗೊಳ್ಳಿ. ನನಗೆ ಬಂದದ್ದು 15. ಸಿಪ್ಪೆಗೋಟು ಇತ್ತು, ಕೆಂಪು ಏಳೂ ಇತ್ತು, ಚಾಲಿಯಲ್ಲಿ ಒಂದು ಕಡಿಮೆ. ಎಲೆ ಸುಣ್ಣದ ಜೊತೆ ಹೋದದ್ದು ಬ್ರ್ಯಾಡ್ಲಿಯೇ ಅಂತ ನನ್ನ ಅನುಮಾನ. ಸಾಕ್ಷಿ ಇಲ್ಲ.